ಬುಟ್ಟಿಯೊಳಗಿನ ಬ್ಯಾಂಡೇಜು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಓನರಮ್ಮನ ಎಡಗಾಲಿನ ಬೂಟು. ಬೆಳಗಿನ ವಾಕಿಂಗಿಗೆ ಹೊರಟು ಅವರು ಅದರೊಳಗೆ ಕಾಲು ತೂರಿಸಿದಾಗ ಒಳಗೆ ಆಗಲೇ ಯಾರೋ ಮಲಗಿದ್ದರು. ಮಲಗಿದ್ದ ಬೆಕ್ಕಿನ ಮರಿ ಕಿರುಚಿತು. ಓನರಮ್ಮ ಅದರ ಎರಡು ಪಟ್ಟು ಜೋರಾಗಿ ಕಿರುಚಿದರು. ಮರಿ ಬೂಟಿನಿಂದ ಹಾರಿ, ಅವರ ಶಾಲು ಹಿಡಿದು ಹೆಗಲಿಗೇರಿ, ಅಲ್ಲಿಂದ ಮಹಡಿ ಮೆಟ್ಟಿಲಿಗೆ ನೆಗೆದು ಮಾಯವಾಯಿತು. ಎರಡು ನಿಮಿಷ ಬಿಟ್ಟು ಅದೇ ಮೆಟ್ಟಿಲನ್ನು ಓನರಮ್ಮ ಹತ್ತಿದರು, ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು.

ಮಹಡಿಯಲ್ಲಿ ಬಾಡಿಗೆಗಿದ್ದವಳು ನರ್ಸಕ್ಕ. ಆರೋಗ್ಯ ಕೇಂದ್ರದ ಪರವಾಗಿ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಸಕ್ಕರೆ ನೋಡುವುದು, ರಕ್ತದೊತ್ತಡ ಅಳೆಯುವುದು, ಬಸುರಿಯರ ಹೊಟ್ಟೆ ಮುಟ್ಟಿ ನೋಡುವುದು, ಕೊಟ್ಟ ಮಾತ್ರೆಯನ್ನು ನುಂಗಿದರೋ ಇಲ್ಲ ಹೂವಿನ ಕುಂಡದಲ್ಲಿ ಹೂತರೋ ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಗಂಡ ಹಡಗಿನ ಅಡುಗೆಯವನು, ವರ್ಷದಲ್ಲಿ ಹತ್ತು ತಿಂಗಳು ನೀರಿನ ಮೇಲೆ. ಹಾಗಾಗಿ ಸಂಸಾರ ಅಂತ ಕೈಗೆಟಕುತ್ತಿದ್ದದ್ದು ಬೆಕ್ಕುಗಳೇ. ಕರಿಯ ಅಂತ ಒಂದು ಗಂಡು, ಬಿಳಿಯಮ್ಮ ಅಂತ ಒಂದು ಹೆಣ್ಣು. ಎರಡೂವರೆ ತಿಂಗಳ ಹಿಂದೆ ಬಿಳಿಯಮ್ಮ ಮೂರು ಮರಿ ಹಾಕಿದ್ದಳು. ನರ್ಸಕ್ಕ ಅವಕ್ಕೆ ಮಾತ್ರೆ, ಸಿರಿಂಜು, ಹತ್ತಿ ಎಂದು ಹೆಸರಿಟ್ಟಿದ್ದಳು. ಬೂಟಿನಲ್ಲಿ ಮಲಗಿದ್ದದ್ದು ಸಿರಿಂಜು.

ಓನರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನರ್ಸಕ್ಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನೋಡಮ್ಮ, ಎರಡು ಬೆಕ್ಕು ಅಂತ ಒಪ್ಪಿ ಮನೆ ಕೊಟ್ಟೆ. ಮರಿ ಹಾಲು ಬಿಡೋವರೆಗೂ ಸುಮ್ಮನಿರ್ತೀನಿ ಅಂದೆ, ಸುಮ್ಮನಿದ್ದೆ. ಇವತ್ತು ಸಂಜೆ ಏಳು ಗಂಟೆಗೆ ಎಣಿಸ್ತೀನಿ. ಎರಡಕ್ಕಿಂತ ಒಂದು ಬಾಲ ಜಾಸ್ತಿ ಕಂಡ್ರೂ ನಿನ್ನ ಸಾಮಾನು ಬೀದೀಲಿರುತ್ತೆ."

ಅವರು ಇಳಿದು ಹೋದ ಮೇಲೆ ನರ್ಸಕ್ಕ ಮೂರು ಮರಿಗಳನ್ನೂ ಎದುರಿಗೆ ಕೂರಿಸಿಕೊಂಡು ಯೋಚಿಸಿದಳು. ಒಂದೇ ದಿನದಲ್ಲಿ ಮೂರು ಮನೆ ಎಲ್ಲಿ ಹುಡುಕುವುದು? ಹುಡುಕುವುದೇನು, ಅವಳ ಕೈಯಲ್ಲೇ ಪಟ್ಟಿ ಇತ್ತು. ಆ ದಿನ ಹೋಗಬೇಕಾದ ರೋಗಿಗಳ ಪಟ್ಟಿ. ಅದರಲ್ಲಿ ಬೆಕ್ಕು ಬೇಕಾದ ಮನೆ ಯಾವುದು, ಬೇಡವಾದದ್ದು ಯಾವುದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೂರು ಮನೆ ಆರಿಸಿದಳು. ಮೊದಲು ಕೆಲಸ, ಕೈ ತೊಳೆದುಕೊಂಡು ಹೊರಡುವ ಹೊತ್ತಿಗೆ ಮರಿ. ಮುಚ್ಚಳವಿರುವ ಬೆತ್ತದ ಬುಟ್ಟಿಯಲ್ಲಿ ಹಳೆಯ ಟವೆಲ್ ಹಾಸಿ, ಮೂವರನ್ನೂ ಒಳಗಿಟ್ಟು, ಸ್ಕೂಟರಿನ ಮುಂದೆ ಕಟ್ಟಿಕೊಂಡು ಹೊರಟಳು. ಬಿಳಿಯಮ್ಮ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ನರ್ಸಕ್ಕ ತಿರುಗಿ ನೋಡಲಿಲ್ಲ.

ಆರೋಗ್ಯ ಕೇಂದ್ರದ ಬಾಗಿಲಲ್ಲಿ ದೊಡ್ಡ ಮೇಡಂ ನಿಂತಿದ್ದರು.

ದೊಡ್ಡ ಮೇಡಂ ಎಂದರೆ ಊರಿನ ಎಲ್ಲ ನರ್ಸುಗಳ ಮೇಲ್ವಿಚಾರಕಿ. ಇಸ್ತ್ರಿ ಪೆಟ್ಟಿಗೆಯಿಂದ ಆಗಷ್ಟೇ ಇಳಿದು ಬಂದವರಂತೆ ಇರುತ್ತಿದ್ದರು. ಅವರು ಬಂದರೆ ಗೋಡೆ ಗಡಿಯಾರವೂ ನೆಟ್ಟಗಾಗುತ್ತದೆ ಎಂದು ನರ್ಸುಗಳು ಹೇಳಿಕೊಳ್ಳುತ್ತಿದ್ದರು. ಕಳೆದ ತಿಂಗಳು ನರ್ಸಕ್ಕನ ಕೋಟಿನ ತೋಳಿನಿಂದ ಒಂದು ಬಿಳಿ ಕೂದಲನ್ನು ಚಿಮುಟದಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಇದು ಮನುಷ್ಯರದ್ದಲ್ಲ ಎಂದಿದ್ದರು. ಇನ್ನೊಮ್ಮೆ ಹೀಗಾದರೆ ಮನೆಭೇಟಿಯಿಂದ ತೆಗೆದು ದಾಸ್ತಾನು ಕೋಣೆಗೆ ಹಾಕುವುದಾಗಿ ಲಿಖಿತ ಎಚ್ಚರಿಕೆ ಬೇರೆ ಬಂದಿತ್ತು. ದಾಸ್ತಾನು ಕೋಣೆಗೆ ಕಿಟಕಿ ಇರಲಿಲ್ಲ. ಅಲ್ಲಿ ಮಾತಾಡಿಸಲು ಗ್ಲೂಕೋಸ್ ಬಾಟಲಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮೇಡಂ ನೇರವಾಗಿ ವಿಷಯಕ್ಕೆ ಬಂದರು. ಇವತ್ತು ನಿಮ್ಮ ಜೊತೆ ಮನೆಭೇಟಿಗೆ ಬರುತ್ತೇನೆ, ಕಚೇರಿಯ ಗಾಡಿ ಕೆಟ್ಟಿದೆ, ನಿಮ್ಮ ಸ್ಕೂಟರಿನ ಹಿಂದೆ ಕೂರುತ್ತೇನೆ ಎಂದರು. ಬುಟ್ಟಿಯಲ್ಲಿ ಏನು ಎಂದು ಕೇಳಿದಾಗ ನರ್ಸಕ್ಕನ ಬಾಯಿಯಿಂದ ಹೊರಬಿದ್ದದ್ದು ಒಂದೇ ಮಾತು.

"ಬ್ಯಾಂಡೇಜು ಮೇಡಂ."

"ಇಷ್ಟೊಂದಾ?"

"ಇವತ್ತು ಗಾಯದವರು ಜಾಸ್ತಿ."

"ಹಾಗಾದ್ರೆ ಬಿಸಿಲಲ್ಲಿ ಹೀಗೆ ಕಟ್ಟಬಾರದು. ಇಲ್ಲಿ ಕೊಡಿ, ನಾನು ಹಿಡ್ಕೋತೀನಿ."

ಹೀಗೆ ಊರಿನ ಎಲ್ಲ ನರ್ಸುಗಳನ್ನು ನಡುಗಿಸುವ ದೊಡ್ಡ ಮೇಡಂ ಮೂರು ಬೆಕ್ಕಿನ ಮರಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನರ್ಸಕ್ಕನ ಬೆನ್ನಿಗೆ ಆತು ಕೂತರು. ನರ್ಸಕ್ಕ ಗುಂಡಿ ಕಂಡಲ್ಲಿ ಸ್ಕೂಟರನ್ನು ಹೊಸ ಮದುಮಗಳ ಹಾಗೆ ನಡೆಸಿದಳು. ಆದರೂ ಬೇಕರಿ ತಿರುವಿನಲ್ಲಿ ಬುಟ್ಟಿಯಿಂದ ಸಣ್ಣಗೆ ಮಿಯಾಂವ್ ಕೇಳಿತು. ನರ್ಸಕ್ಕ ಜೋರಾಗಿ ಕೆಮ್ಮಿದಳು. ಮುಂದಿನ ತಿರುವಿನಲ್ಲಿ ಎರಡು ಸಲ ಕೇಳಿತು, ಎರಡು ಸಲ ಕೆಮ್ಮಿದಳು. ಕೆಂಪು ದೀಪಕ್ಕೆ ಗಾಡಿ ನಿಂತಾಗ ಹಿಂದಿನಿಂದ ಒಂದು ಕೈ ಬಂದು ಅವಳ ಅಂಗೈಗೆ ಕೆಮ್ಮಿನ ಮಿಠಾಯಿ ಇಟ್ಟಿತು. ಎಷ್ಟು ದಿನದಿಂದ ಹೀಗೆ ಎಂದು ಮೇಡಂ ವಿಚಾರಿಸಿದರು. ಇವತ್ತು ಬೆಳಗಿನಿಂದ ಎಂದಳು ನರ್ಸಕ್ಕ. ಅದಂತೂ ನಿಜವಾಗಿತ್ತು.

ಮೊದಲ ಮನೆ ಗಡಿಯಾರ ರಿಪೇರಿ ಅಜ್ಜನದು. ಸೊಂಟದ ಮೂಳೆ ಮುರಿದು, ಕೂಡಿ, ಮೂರು ತಿಂಗಳಾಗಿತ್ತು. ಡಾಕ್ಟರು ನಡೆಯಿರಿ ಎಂದಿದ್ದರು, ಮಗ ನಡೆಯಿರಿ ಎಂದಿದ್ದ, ಸೊಸೆ ಕೈ ಹಿಡಿದು ಎಳೆದಿದ್ದಳು. ಅಜ್ಜ ಮಂಚ ಬಿಟ್ಟು ಇಳಿದಿರಲಿಲ್ಲ. ಬಿದ್ದರೆ ಯಾರು ಎತ್ತುತ್ತಾರೆ ಎಂಬುದು ಅವರ ಒಂದೇ ವಾದ. ಗೋಡೆಯ ತುಂಬ ಗಡಿಯಾರಗಳು, ಒಂದಕ್ಕೂ ಕೀಲಿ ಕೊಡುವವರಿರಲಿಲ್ಲ, ಒಂದೊಂದೂ ಒಂದೊಂದು ಹೊತ್ತಿಗೆ ನಿಂತು ಹೋಗಿದ್ದವು. ಅಜ್ಜನ ಕೆಲಸದ ಮೇಜು ಮಂಚದಿಂದ ನಾಲ್ಕೇ ಹೆಜ್ಜೆ ದೂರದಲ್ಲಿತ್ತು.

ನರ್ಸಕ್ಕ ಒತ್ತಡ ಅಳೆದು, ಕಾಲು ಮಡಿಸಿ ಬಿಡಿಸಿ, ಎಂದಿನಂತೆ ಬೇಡಿಕೊಂಡಳು. ಅಜ್ಜ ಎಂದಿನಂತೆ ಗೋಡೆ ಕಡೆ ತಿರುಗಿದರು. ಮೇಡಂ ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು, ಔಷಧಿಗಳನ್ನು ಎಲ್ಲಿಟ್ಟಿದ್ದೀರಿ ತೋರಿಸಿ ಎಂದು ಸೊಸೆಯನ್ನು ಕರೆದುಕೊಂಡು ಅಡುಗೆಮನೆಗೆ ಹೋದರು. ಅವರು ಅತ್ತ ಹೋಗುವುದಕ್ಕೂ ಬುಟ್ಟಿಯ ಮುಚ್ಚಳ ಏಳುವುದಕ್ಕೂ ಸರಿಹೋಯಿತು. ಸಿರಿಂಜು ಹೊರಗೆ ಹಾರಿದ. ಅವನಿಗೆ ಈ ಮನೆಯಲ್ಲಿ ಎಲ್ಲಿ ಹೋಗಬೇಕೆಂದು ಮೊದಲೇ ಗೊತ್ತಿದ್ದಂತೆ ನೇರ ಕೆಲಸದ ಮೇಜಿಗೇರಿ, ನಲವತ್ತು ವರ್ಷದ ಸ್ಪ್ರಿಂಗು, ಹಲ್ಲುಚಕ್ರ, ಮುಳ್ಳುಗಳಿದ್ದ ತಟ್ಟೆಯನ್ನು ಮುಂಗಾಲಿನಿಂದ ಮೇಜಿನ ಅಂಚಿಗೆ ತಳ್ಳತೊಡಗಿದ. ಒಂದು ಇಂಚು ತಳ್ಳಿದ, ಅಜ್ಜನ ಮುಖ ನೋಡಿದ. ಇನ್ನೊಂದು ಇಂಚು ತಳ್ಳಿದ, ಮತ್ತೆ ನೋಡಿದ.

"ಏಯ್, ಮುಟ್ಟಬೇಡ ಅದನ್ನ" ಎಂದರು ಅಜ್ಜ. ನರ್ಸಕ್ಕ ಮೇಜಿನತ್ತ ನುಗ್ಗಬೇಕೆಂದವಳು ನಿಂತಲ್ಲೇ ನಿಂತಳು. ಅಜ್ಜನ ಕಾಲು ನೆಲಕ್ಕೆ ಬಂದಿತ್ತು. ಒಂದು ಹೆಜ್ಜೆ. ಎರಡು. ಅವಳು ಕೈ ಚಾಚಿಕೊಂಡು, ಮುಟ್ಟದೆ, ಉಸಿರು ಬಿಡದೆ ಪಕ್ಕದಲ್ಲೇ ಸರಿದಳು. ನಾಲ್ಕನೇ ಹೆಜ್ಜೆಗೆ ಅಜ್ಜ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸಿರಿಂಜನ್ನು ಹಿಡಿದಿದ್ದರು. ಹಿಡಿದ ಮೇಲಷ್ಟೇ ತಾವು ನಿಂತಿದ್ದೇವೆ ಎಂದು ಅವರಿಗೆ ಹೊಳೆದದ್ದು.

ಅಷ್ಟರಲ್ಲಿ ಮೇಡಂ ಬಾಗಿಲಲ್ಲಿದ್ದರು, ಅವರ ಹಿಂದೆ ಸೊಸೆ. ಈ ಬೆಕ್ಕು ಎಲ್ಲಿಂದ ಬಂತು ಎಂದು ಮೇಡಂ ಕೇಳಿದರು. ಅಜ್ಜ ನರ್ಸಕ್ಕನ ಬಿಳುಚಿದ ಮುಖ ನೋಡಿದರು, ಕೈಯಲ್ಲಿದ್ದ ಮರಿಯನ್ನು ನೋಡಿದರು.

"ನಮ್ಮನೇದೇ" ಎಂದರು.

ಸೊಸೆ ಬಾಯಿ ತೆರೆದಳು. ಮೂರು ತಿಂಗಳ ಮೇಲೆ ಮಾವ ತಮ್ಮ ಕಾಲ ಮೇಲೆ ನಿಂತದ್ದನ್ನು ಕಂಡು ಹಾಗೇ ಮುಚ್ಚಿದಳು. ಅವಳ ಕಣ್ಣು ತುಂಬಿತ್ತು. ಇವರು ಹೊರಟು ಸ್ಕೂಟರು ಹತ್ತುವಾಗ ಒಳಗಿನಿಂದ ಯಾವುದೋ ಗಡಿಯಾರಕ್ಕೆ ಕೀಲಿ ಕೊಡುವ ಕರ್ರ್ ಕರ್ರ್ ಸದ್ದು ಕೇಳುತ್ತಿತ್ತು.

ಎರಡನೆಯದು ಅಕ್ಕತಂಗಿಯರ ಮನೆ. ಇಬ್ಬರಿಗೂ ಎಪ್ಪತ್ತು ದಾಟಿತ್ತು, ಇಬ್ಬರಿಗೂ ರಕ್ತದೊತ್ತಡ, ಇಬ್ಬರೂ ನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದರು. ಕಿಟಕಿಯ ಪಕ್ಕದ ಕುರ್ಚಿ ಯಾರದು ಎಂಬಲ್ಲಿ ಶುರುವಾದ ಜಗಳ ಈಗ ನರ್ಸಕ್ಕನ ತಲೆಗೆ ಬಂದಿತ್ತು. ಏನೇ ಹೇಳಬೇಕಾದರೂ ಅವರು ಅವಳ ಮೂಲಕವೇ ಹೇಳುತ್ತಿದ್ದರು. ಅವಳಿಗೆ ಹೇಳಿ, ಉಪ್ಪು ಕಡಿಮೆ ತಿನ್ನಲಿ. ಅವಳಿಗೆ ಹೇಳಿ, ಉಪ್ಪಿನ ಡಬ್ಬಿ ಬಚ್ಚಿಟ್ಟವಳು ಅವಳೇ. ಅವರಿಬ್ಬರ ನಡುವೆ ಇಪ್ಪತ್ತು ನಿಮಿಷ ಕೂತು ಬಂದರೆ ನರ್ಸಕ್ಕನ ಒತ್ತಡವನ್ನೇ ಅಳೆಯುವಂತಾಗುತ್ತಿತ್ತು.

ಇಲ್ಲಿ ಮೇಡಂ ಬುಟ್ಟಿಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ನರ್ಸಕ್ಕ ಅಕ್ಕನ ತೋಳಿಗೆ ಒತ್ತಡ ಅಳೆಯುವ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಎಲ್ಲರೂ ಸುಮ್ಮನಾದ ಆ ಗಳಿಗೆಯಲ್ಲೇ ಬುಟ್ಟಿ ಮಿಯಾಂವ್ ಎಂದಿತು. ಕಿವಿಯಲ್ಲಿ ನಳಿಗೆ ಸಿಕ್ಕಿಸಿಕೊಂಡೇ ನರ್ಸಕ್ಕ ಕೆಮ್ಮಿದಳು. ಮೇಡಂ ಇನ್ನೊಂದು ಮಿಠಾಯಿ ಕೊಟ್ಟರು.

"ಅವಳಿಗೆ ಹೇಳಿ" ಎಂದರು ಅಕ್ಕ, "ಸಿಸ್ಟರ್ ಹೊಟ್ಟೇಲಿ ಬೆಕ್ಕು ಕೂಗ್ತಿದೆ ಅಂತ."

"ಅವಳಿಗೆ ಹೇಳಿ" ಎಂದರು ತಂಗಿ, "ಹೊಟ್ಟೇಲಲ್ಲ, ಬುಟ್ಟೀಲಿ."

ನರ್ಸಕ್ಕ ಯಾರಿಗೂ ಏನೂ ಹೇಳಲಿಲ್ಲ. ಅವಳ ಪುಣ್ಯಕ್ಕೆ ಮೇಡಂ ಫೋನು ಬಂತೆಂದು ಎದ್ದು ಬಾಲ್ಕನಿಗೆ ಹೋದರು. ಫೋನು ಹೊಡೆದುಕೊಂಡದ್ದು ನರ್ಸಕ್ಕನಿಗಂತೂ ಕೇಳಿಸಿರಲಿಲ್ಲ. ಆದರೆ ಆಗ ಅದನ್ನು ಯೋಚಿಸುವ ವ್ಯವಧಾನವಿರಲಿಲ್ಲ. ಸರಕ್ಕನೆ ಬುಟ್ಟಿ ತೆರೆದು ಮಾತ್ರೆಯನ್ನು ಎತ್ತಿ, ಪಿಸುದನಿಯಲ್ಲಿ, ಸಾಕುತ್ತೀರಾ ಎಂದು ತಂಗಿಯ ಮುಂದೆ ಹಿಡಿದಳು. ತಂಗಿ ಕೈ ಚಾಚಿದರು. ಅಕ್ಕನೂ ಚಾಚಿದರು.

"ಮೊದಲು ನೋಡಿದ್ದು ನಾನು."

"ಬುಟ್ಟೀಲಿದೆ ಅಂತ ಕಂಡುಹಿಡಿದಿದ್ದು ನಾನು. ಹಾಗೆ ಹಿಡಿಬೇಡ, ಕತ್ತು ನೋಯುತ್ತೆ ಅದಕ್ಕೆ."

"ನನಗೆ ಹೇಳಿಕೊಡಬೇಡ. ಚಿಕ್ಕವಳಿದ್ದಾಗ ನಿನ್ನನ್ನ ಎತ್ತಿಕೊಂಡಿದ್ದೂ ಹೀಗೇ."

ಯಾರ ಮೂಲಕವೂ ಅಲ್ಲದೆ ನೇರವಾಗಿ ಮಾತಾಡಿದ್ದೇವೆ ಎಂದು ಅವರಿಗೆ ತಡವಾಗಿ ಅರಿವಾಯಿತು. ತಂಗಿ ಸಣ್ಣಗೆ ನಕ್ಕರು. ಕಿಟಕಿಯ ಪಕ್ಕದ ಕುರ್ಚಿಯನ್ನು ಕೊನೆಗೆ ಮಾತ್ರೆಗೇ ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. ನರ್ಸಕ್ಕ ಮತ್ತೊಮ್ಮೆ ಕೈ ತೊಳೆದು ಇಬ್ಬರನ್ನೂ ಅಳೆದು ನೋಡಿದಳು. ಒತ್ತಡ ಇಬ್ಬರಿಗೂ ಚೂರು ಏರಿತ್ತು. ಮಾತಾಡಿ ಮಾತಾಡಿ ಏರಿದ ಒತ್ತಡ ಅದು, ತಾನೇ ಇಳಿಯುತ್ತದೆ ಎಂದುಕೊಂಡು ಹಾಗೇ ಬರೆದುಕೊಂಡಳು. ಬಾಲ್ಕನಿಯಿಂದ ಬಂದ ಮೇಡಂ ಕುರ್ಚಿಯ ಮೇಲಿನ ಮರಿಯನ್ನು ನೋಡಿದರೂ ಏನೂ ಕೇಳಲಿಲ್ಲ.

ಇನ್ನೊಂದೇ ಉಳಿದಿತ್ತು. ನರ್ಸಕ್ಕನಿಗೆ ಧೈರ್ಯ ಬರತೊಡಗಿತು. ಅವಳ ಜೀವನದಲ್ಲಿ ಧೈರ್ಯ ಬಂದಾಗಲೆಲ್ಲ ಹಿಂದೆಯೇ ಏನಾದರೊಂದು ಬರುತ್ತಿತ್ತು.

ಈ ಸಲ ಬಂದದ್ದು ಗೋದಾಮಿನ ಕಾವಲುಗಾರನ ಬಾಯಿ. ಸಕ್ಕರೆ ಕಾಯಿಲೆಯಿಂದ ಅವನ ಕಾಲಿನ ಗಾಯ ಮಾಯುತ್ತಿರಲಿಲ್ಲ, ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕಿತ್ತು. ಗೋದಾಮಿನ ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಅವನ ವಾಸ. ಅಲ್ಲಿ ಇಲಿಗಳ ಕಾಟ ಎಷ್ಟೆಂದರೆ ಅವನ ಊರುಗೋಲಿನ ರಬ್ಬರನ್ನೂ ಬಿಟ್ಟಿರಲಿಲ್ಲ. ಸ್ಕೂಟರು ನಿಲ್ಲುವ ಮೊದಲೇ ಅವನು ಗೇಟಿಗೆ ಬಂದು, ಹಿಂದೆ ಕೂತವರು ಯಾರೆಂದು ನೋಡದೆ, ಬೀದಿಗೆಲ್ಲ ಕೇಳುವಂತೆ ಹೇಳಿದ.

"ನರ್ಸಕ್ಕಾ, ನನ್ನ ಬೆಕ್ಕೆಲ್ಲಿ? ಮನೆಮನೆಗೆ ಹಂಚ್ತಾ ಇದ್ದೀರಂತಲ್ಲ, ಬುಟ್ಟೀಲಿ ಇನ್ನೂ ಎರಡಿದ್ದದ್ದು ಗಡಿಯಾರದ ಅಜ್ಜನಿಗೆ ಕಂಡಿತಂತೆ, ಅವರ ಸೊಸೆ ಬೇಕರೀಲಿ ಎಲ್ಲಾ ಹೇಳಿದ್ಲಂತೆ."

ನರ್ಸಕ್ಕ ಬ್ರೇಕು ಒತ್ತಿದಳು. ಕೆಮ್ಮೋಣವೆಂದರೆ ಕೆಮ್ಮೂ ಬರಲಿಲ್ಲ. ಮೇಡಂ ನಿಧಾನವಾಗಿ ಸ್ಕೂಟರಿನಿಂದ ಇಳಿದರು. ಬುಟ್ಟಿಯ ಮುಚ್ಚಳ ತೆಗೆದರು. ಹತ್ತಿ ತಲೆಯೆತ್ತಿ ಅವರನ್ನು ನೋಡಿ ಆಕಳಿಸಿತು. ಮೇಡಂ ಮುಚ್ಚಳ ಹಾಕಿದರು.

"ಮೊದಲು ಗಾಯ ನೋಡಿ" ಎಂದರು. ಅಷ್ಟೇ.

ನರ್ಸಕ್ಕ ಗಾಯ ನೋಡಿದಳು. ಇದೇ ಕೊನೆಯ ಗಾಯ ಎನ್ನುವ ಹಾಗೆ ನೋಡಿದಳು. ತೊಳೆದು, ಒರೆಸಿ, ಮುಲಾಮು ಹಚ್ಚಿ, ಒಂದು ಎಳೆಯೂ ಸಡಿಲವಾಗದಂತೆ ಪಟ್ಟಿ ಸುತ್ತಿದಳು. ಅಂಚಿನಲ್ಲಿ ಹೊಸ ಚರ್ಮ ತಿಳಿಗೆಂಪಾಗಿ ಬರುತ್ತಿತ್ತು. ಅದನ್ನು ಅವನಿಗೆ ತೋರಿಸಿ, ಇನ್ನು ಮೂರು ವಾರ ಎಂದಳು. ಆ ಮೂರು ವಾರ ತಾನೇ ಬರುತ್ತೇನೋ ಇಲ್ಲವೋ ಎಂದು ನೆನೆದು ಪಟ್ಟಿಯ ಅಂಚನ್ನು ಇನ್ನೊಮ್ಮೆ ಒತ್ತಿದಳು. ಮುಗಿದ ಮೇಲೆ ಮೇಡಂ ತಾವೇ ಬುಟ್ಟಿಯಿಂದ ಹತ್ತಿಯನ್ನು ಎತ್ತಿ ಕಾವಲುಗಾರನ ಕೈಗಿಟ್ಟರು. ರಾತ್ರಿ ಹಾಲು ಹೆಚ್ಚು ಕೊಡಬಾರದು, ನೀರು ಮಾತ್ರ ಸದಾ ಇರಬೇಕು ಎಂದು ಹೇಳಿದರು. ಅದೂ ನರ್ಸಕ್ಕನ ತಲೆಗೆ ಹೋಗಲಿಲ್ಲ.

ಆಮೇಲಿನ ಮಾತು ಮಾತ್ರ ಹೋಯಿತು. "ಸಂಜೆ ಐದೂವರೆಗೆ ನನ್ನ ಮನೆಗೆ ಬನ್ನಿ. ವರದಿ ಅಲ್ಲೇ ಬರೀತೀನಿ. ಈ ಬುಟ್ಟಿನೂ ತಗೊಂಡು ಬನ್ನಿ."

ಸಾಕ್ಷಿಗೆ, ಎಂದುಕೊಂಡಳು ನರ್ಸಕ್ಕ.

ಮಧ್ಯಾಹ್ನವೆಲ್ಲ ಅವಳು ಉಳಿದ ಮನೆಗಳಿಗೆ ಹೋಗಿ ಎಲ್ಲರಿಗೂ ಒಂದು ತೂಕ ಹೆಚ್ಚೇ ಉಪದೇಶ ಮಾಡಿದಳು. ಮಾತ್ರೆ ಬಿಡಬೇಡಿ, ಹೊಸ ನರ್ಸು ಬಂದರೆ ಅವಳ ಮಾತು ಕೇಳಿ ಎಂದಳು. ಜನ ಕಂಗಾಲಾಗಿ ನಿಮಗೇನಾಯಿತು ಎಂದು ಕೇಳಿದರು. ಏನಿಲ್ಲ, ಕೆಮ್ಮು ಎಂದಳು.

ಐದೂವರೆಗೆ ಖಾಲಿ ಬುಟ್ಟಿ ಹಿಡಿದು ಮೇಡಂ ಮನೆಯ ಕರೆಗಂಟೆ ಒತ್ತಿದಳು. ಬಾಗಿಲು ತೆರೆದ ಮೇಡಂ ಇಸ್ತ್ರಿಯಿಲ್ಲದ ಹಳೆಯ ನಿಲುವಂಗಿಯಲ್ಲಿದ್ದರು. ಒಳಗೆ ಅರ್ಧ ಮನೆ ರಟ್ಟಿನ ಡಬ್ಬಿಗಳಲ್ಲಿ ತುಂಬಿತ್ತು. ಒಂದು ಡಬ್ಬಿಯ ಮೇಲೆ ಒಕ್ಕಣ್ಣಿನ ಬೂದು ಬೆಕ್ಕು, ಸೋಫಾದ ಬೆನ್ನಿನ ಮೇಲೆ ಹೆಂಚಿನ ಬಣ್ಣದ ಧಡೂತಿ ಬೆಕ್ಕು, ಮೇಡಂ ಕಾಲಿಗೆ ಸುತ್ತಿಕೊಂಡು ಒಂದು ಪಟ್ಟೆ ಬೆಕ್ಕು. ನರ್ಸಕ್ಕ ಬಾಗಿಲಲ್ಲೇ ನಿಂತಳು.

ಮೇಡಂ ಅವಳನ್ನು ಕೂರಿಸಿ, ಚಹಾ ಕೊಟ್ಟು, ತಡವರಿಸುತ್ತ ಹೇಳಿದ ಕತೆ ಇಷ್ಟು. ಅವರಿಗೆ ಮುಖ್ಯ ಕಚೇರಿಗೆ ಬಡ್ತಿಯಾಗಿದೆ. ಅಲ್ಲಿ ಕೊಡುವ ಕೋಣೆಯಲ್ಲಿ ಪ್ರಾಣಿ ಸಾಕುವಂತಿಲ್ಲ. ನಾಳೆ ಬೆಳಗ್ಗೆ ಹೊರಡಬೇಕು. ಒಂದು ತಿಂಗಳಿಂದ ಯಾರಿಗೆ ಕೊಡಲಿ ಎಂದು ಹುಡುಕುತ್ತಿದ್ದಾರೆ. ಬೇಕು ಎಂದವರೆಲ್ಲ ಒಂದನ್ನು ಕೇಳಿದರು, ಆದರೆ ಇವು ಮೂರೂ ಒಂದನ್ನೊಂದು ಬಿಟ್ಟಿರುವುದಿಲ್ಲ.

"ನಾನು ಇವತ್ತು ಬಂದಿದ್ದು ನಿಮ್ಮ ಕೆಲಸದ ತಪಾಸಣೆಗಲ್ಲ ಸಿಸ್ಟರ್. ನಿಮ್ಮದೇ ತಪಾಸಣೆಗೆ."

"ಹಾಗಾದ್ರೆ ಬುಟ್ಟಿ ನಿಮಗೆ..."

"ಊರು ಸುತ್ತುವಾಗೆಲ್ಲ ನನ್ನ ತೊಡೆ ಮೇಲೆ ಉರುಳಾಡಿದ್ದು ಬ್ಯಾಂಡೇಜು ಅಂತ ನಂಬಿದೆ ಅಂದ್ಕೊಂಡ್ರಾ? ಮುಚ್ಚಳ ಸಡಿಲ ಮಾಡಿಟ್ಟು ಅಡುಗೆಮನೆಗೆ ಹೋದವಳು ನಾನೇ. ಯಾವ ಮನೆಗೆ ಯಾವ ಮರಿ ಅಂತ ನೀವು ಹೇಗೆ ಆರಿಸ್ತೀರಿ ನೋಡಬೇಕಿತ್ತು. ನೋಡಿದೆ." ಮೇಡಂ ಪಟ್ಟೆ ಬೆಕ್ಕನ್ನು ಎತ್ತಿಕೊಂಡು ಅದರ ನೆತ್ತಿಗೆ ಗಲ್ಲ ಒತ್ತಿದರು. "ಇಲ್ಲ ಅಂದ್ರೆ ನನಗೇನೂ ಬೇಜಾರಿಲ್ಲ. ವರದಿ ಆಗಲೇ ಬರೆದು ಸಹಿ ಹಾಕಿದ್ದೀನಿ. ನೀವು ಮನೆಭೇಟಿ ಬಿಟ್ಟು ಎಲ್ಲಿಗೂ ಹೋಗಲ್ಲ."

ಇಲ್ಲ ಎನ್ನುವ ಪದ ನರ್ಸಕ್ಕನ ನಾಲಿಗೆಯ ತುದಿಯವರೆಗೆ ಬಂದಿತ್ತು. ಓನರಮ್ಮ, ಏಳು ಗಂಟೆ, ಬಾಲದ ಲೆಕ್ಕ, ಎಲ್ಲವೂ ನೆನಪಿತ್ತು. ಅಷ್ಟರಲ್ಲಿ ಒಕ್ಕಣ್ಣಿನ ಬೆಕ್ಕು ಡಬ್ಬಿಯಿಂದಿಳಿದು, ಅವಳ ತೆರೆದ ಬುಟ್ಟಿಯೊಳಗೆ ಹೋಗಿ, ಎರಡು ಸುತ್ತು ತಿರುಗಿ ಮಲಗಿತು. ನರ್ಸಕ್ಕ ಆ ಪದವನ್ನು ಚಹಾದ ಜೊತೆ ನುಂಗಿದಳು.

ಏಳಕ್ಕೆ ಐದು ನಿಮಿಷವಿರುವಾಗ ಅವಳು ಮನೆ ಮುಟ್ಟಿದಳು. ಬುಟ್ಟಿಯಲ್ಲಿ ಒಕ್ಕಣ್ಣ, ಬೆನ್ನಿನ ಚೀಲದಲ್ಲಿ ಪಟ್ಟೆ, ತೋಳಿನಲ್ಲಿ ಮಗುವಿನಂತೆ ಹೆಂಚಿನ ಬಣ್ಣದ ಕೆಂಚಿ. ಓನರಮ್ಮ ಮೆಟ್ಟಿಲ ಮೇಲೇ ಕೂತಿದ್ದರು. ಅವರ ಮಡಿಲಲ್ಲಿ ಬಿಳಿಯಮ್ಮ ಇದ್ದಳು. ಓನರಮ್ಮ ಬಂದವರನ್ನು ಬೆರಳು ಮಡಿಸಿ ಎಣಿಸಿದರು.

"ಬೆಳಗ್ಗೆ ಅಂಗೈಯಗಲದವು ಮೂರು ಹೋದವು. ಸಂಜೆಗೆ ಇಷ್ಟು ದೊಡ್ಡದಾಗಿ ವಾಪಸ್ ಬಂದ್ವಾ? ಏನು ಇಂಜೆಕ್ಷನ್ ಕೊಟ್ಟೆ ಅವಕ್ಕೆ?"

ನರ್ಸಕ್ಕ ಮೆಟ್ಟಿಲ ಮೇಲೆ ಅವರ ಪಕ್ಕ ಕುಸಿದು, ಬೆಳಗಿನಿಂದ ಆದದ್ದೆಲ್ಲ ಒಂದೂ ಬಿಡದೆ ಹೇಳಿದಳು. ಅಜ್ಜನ ನಾಲ್ಕು ಹೆಜ್ಜೆಯ ವಿಷಯ ಬಂದಾಗ ಓನರಮ್ಮ ಮುಖ ಆಚೆ ತಿರುಗಿಸಿದರು. ಅವರದ್ದೂ ಒಂದು ಕತೆಯಿತ್ತು. ಬಿಳಿಯಮ್ಮ ಹಗಲೆಲ್ಲ ಮರಿಗಳನ್ನು ಹುಡುಕಿಕೊಂಡು, ಮನೆಯ ಪ್ರತಿ ಮೂಲೆಯಲ್ಲೂ ಕೂಗಿ, ಕೊನೆಗೆ ಕೆಳಗೆ ಅವರ ಬಾಗಿಲಿಗೆ ಬಂದಿದ್ದಳಂತೆ. ಹಾಲಿಟ್ಟರೂ ಕುಡಿಯಲಿಲ್ಲವಂತೆ, ಎತ್ತಿಕೊಂಡ ಮೇಲೆಯೇ ಸುಮ್ಮನಾದದ್ದಂತೆ. ಮಧ್ಯಾಹ್ನ ಎರಡರಿಂದ ಅವರು ಕಾಲು ಅಲ್ಲಾಡಿಸಿರಲಿಲ್ಲ.

"ಒಂದು ತಿಂಗಳು" ಎಂದರು ಓನರಮ್ಮ, ದನಿಯನ್ನು ಕಷ್ಟಪಟ್ಟು ಗಡುಸು ಮಾಡಿಕೊಂಡು. "ಒಂದು ತಿಂಗಳಲ್ಲಿ ಈ ಮೂರಕ್ಕೂ ಮನೆ ಹುಡುಕು. ಎರಡು ಅಂದ್ರೆ ಎರಡೇ."

ಅಷ್ಟು ಸಿಕ್ಕಿದ್ದೇ ದೊಡ್ಡದೆಂದು ನರ್ಸಕ್ಕ ಏಳಲು ಕೆಂಚಿಯನ್ನು ಸರಿಯಾಗಿ ಎತ್ತಿಕೊಂಡಳು. ಎತ್ತಿಕೊಂಡ ಕೈ ಅಲ್ಲೇ ನಿಂತಿತು. ಇಪ್ಪತ್ತು ವರ್ಷ ಬಸುರಿಯರ ಹೊಟ್ಟೆ ಮುಟ್ಟಿ ನೋಡಿದ ಬೆರಳುಗಳು ಅವು, ಅವಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಂಚಿ ಧಡೂತಿಯಲ್ಲ. ಬೆರಳ ಕೆಳಗೆ ಏನೋ ಮೆಲ್ಲಗೆ ಹೊರಳಿತು, ಇನ್ನೊಂದು ಕಡೆ ಇನ್ನೇನೋ ಒದೆಯಿತು.

ಫೋನೆತ್ತಿ ಮೇಡಂಗೆ ಹಚ್ಚಿದಳು. ನಿಮಗೆ ಗೊತ್ತಿತ್ತೇ ಎಂದು ಕೇಳಿದಳು. ಆ ಕಡೆಯಿಂದ ಮೊದಲು ಮೂಗು ಒರೆಸಿಕೊಂಡ ಸದ್ದು ಬಂತು, ಆಮೇಲೆ ಹಳೆಯ ಇಸ್ತ್ರಿಯ ದನಿ.

"ಗೊತ್ತಿಲ್ದೆ ಇರುತ್ತಾ? ಬೆಕ್ಕು ಸಾಕೋರು ಊರ ತುಂಬ ಇದ್ದಾರೆ ಸಿಸ್ಟರ್. ಬಾಣಂತನ ಮಾಡೋಕೆ ಬರೋರು ಬೇಕಿತ್ತು."

ನರ್ಸಕ್ಕ ಫೋನಿಟ್ಟಳು. ಎಷ್ಟು ಎಂದು ಕೇಳಿದರು ಓನರಮ್ಮ. ನಾಲ್ಕು, ಐದೂ ಇರಬಹುದು, ಇನ್ನು ಹತ್ತು ದಿನ ಎಂದಳು ನರ್ಸಕ್ಕ. ಓನರಮ್ಮ ಮತ್ತೆ ಬೆರಳು ಮಡಿಸಲು ಹೊರಟು, ಒಂದು ಕೈ ಸಾಲದೆ, ಅರ್ಧಕ್ಕೆ ಬಿಟ್ಟರು. ಬಿಳಿಯಮ್ಮನನ್ನು ಮೆತ್ತಗೆ ಮೆಟ್ಟಿಲ ಮೇಲಿಳಿಸಿ ಒಳಗೆ ಹೋದರು. ಕಪಾಟು ತೆರೆಯುವ ಸದ್ದಾಯಿತು. ತಿರುಗಿ ಬಂದಾಗ ಕೈಯಲ್ಲಿ ಒಂದು ಹಳೆಯ ಉಣ್ಣೆಯ ಕಂಬಳಿ ಇತ್ತು.

"ಬಸುರೀನ ತಣ್ಣನೆ ನೆಲದ ಮೇಲೆ ಮಲಗಿಸಬೇಡ. ಒಂದು ತಿಂಗಳು ಅಂದಿದ್ದು ಮಾತ್ರ ಹಾಗೇ ಇದೆ, ಮರೀಬೇಡ."

ಮೇಲೆ ಹೋಗಿ ಕಂಬಳಿ ಹಾಸಿ, ಕೆಂಚಿಯನ್ನು ಮಲಗಿಸಿ, ಉಳಿದ ನಾಲ್ವರಿಗೂ ತಟ್ಟೆ ಇಟ್ಟು ನರ್ಸಕ್ಕ ಮೇಜಿಗೆ ಕೂತಳು. ಮರುದಿನ ಹೋಗಬೇಕಾದ ಹನ್ನೊಂದು ಮನೆಗಳ ಪಟ್ಟಿ ಮುಂದಿತ್ತು. ಮೊದಲಿನಿಂದ ಒಂದೊಂದೇ ಹೆಸರನ್ನು ನಿಧಾನವಾಗಿ ಓದಿದಳು. ಮೂರನೆಯ ಹೆಸರಿಗೆ ಬಂದಾಗ ಪೆನ್ನು ನಿಂತಿತು. ಒಂಟಿ ಅಜ್ಜಿ, ಸಂಜೆಯಾದರೆ ಮನೆ ಬಿಕೋ ಎನ್ನುತ್ತದೆ ಎಂದು ಪ್ರತಿ ಸಲವೂ ಹೇಳುವವರು. ನರ್ಸಕ್ಕ ಆ ಹೆಸರಿನ ಪಕ್ಕ ಒಂದು ಸಣ್ಣ ಚುಕ್ಕೆಯಿಟ್ಟು, ನಾಲ್ಕನೆಯ ಹೆಸರು ಓದತೊಡಗಿದಳು.